ಸವಾಲು ಕೂಗುವ ಭಾವ, ಅಂಗಿ ಎಳೆಯುವ ಅಕ್ಕ

ನಮ್ಮ ಚಳ್ಳಕೆರೆ ಸೀಮೆಯವರಿಗೆ ಹರಾಜು ಹೊಸದೇನಲ್ಲ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಯಲ್ಲಿ ತೇರು ಎಳೆಯುವ ಮುಂಚೆ ಮುಕ್ತಿ ಬಾವುಟವನ್ನು ಹರಾಜಿಗಿಡುತ್ತಾರೆ. ಒಂದು ಬಾವುಟ, ಅಷ್ಟೆ. ಅದಕ್ಕೆ ಲಕ್ಷಗಳಲ್ಲಿ ಸವಾಲು ಏರುತ್ತದೆ. ಮಂತ್ರಿಗಳಾಗಿದ್ದವರೂ ಕೂಗಿದ್ದಾರೆ, ಈಚೆಗೆ ಅರ್ಧ ಕೋಟಿ ದಾಟಿದ್ದೂ ಉಂಟು. ಆದರೆ ಪಡೆದವರು ಯಾರೂ ಮನೆಗೆ ಹೋಗಿ ಬಿಚ್ಚಿ ನೋಡಿ, "ಫೋಟೋದಲ್ಲಿ ಇದ್ದ ಬಣ್ಣ ಇದಲ್ಲ" ಎಂದು ವಾಪಸ್ ತಂದದ್ದನ್ನು ನಾನಂತೂ ಕೇಳಿಲ್ಲ. ಕೂಗಿದವರಿಗೆ ತಾವು ಕೊಳ್ಳುತ್ತಿರುವುದು ಏನೆಂದು ಗೊತ್ತು. ಸುತ್ತ ನಿಂತ ಜನಸಾಗರಕ್ಕೂ ಗೊತ್ತು. ಇನ್ನು ಮಾರುವ ಸ್ವಾಮಿಯ ವಿಳಾಸವಂತೂ ಒಂದಲ್ಲ ಎರಡಿವೆ, ಒಳಮಠ ಮತ್ತು ಹೊರಮಠ. ತಲೆಮರೆಸಿಕೊಳ್ಳುವ ಪ್ರಶ್ನೆಯೇ ಇಲ್ಲ.

ಜಾತ್ರೆ ಮುಗಿದರೆ ಚೀಟಿ ಹರಾಜು, ಚೀಟಿ ಮುಗಿದರೆ ಗಣಪತಿ ಬಿಡುವ ದಿನ ಲಾಡು ಹರಾಜು. ಎಲ್ಲಕ್ಕೂ ಮಿಗಿಲಾದದ್ದು ಎಪಿಎಂಸಿಯ ಶೇಂಗಾ. ಎಣ್ಣೆ ಗಿರಣಿಗಳ ಕಾಲದಲ್ಲಿ ನಮ್ಮೂರನ್ನು ಎರಡನೇ ಬಾಂಬೆ ಎನ್ನುತ್ತಿದ್ದರು. ಹಾಗೆ ಕರೆದವರು ಬಾಂಬೆ ನೋಡಿದ್ದರೋ ಇಲ್ಲವೋ, ಬಿರುದಂತೂ ಉಳಿದಿದೆ. ಆಗ ರಾಶಿಯ ಮುಂದೆ ನಿಂತು ಕೂಗುತ್ತಿದ್ದರು. ಆಮೇಲೆ ರಾಜ್ಯದ ಮಾರುಕಟ್ಟೆಗಳಿಗೆ ಒಂದೊಂದಾಗಿ ಇ-ಟೆಂಡರ್ ಬಂತು. ಈಗ ಲಾಟಿಗೊಂದು ನಂಬರು, ವರ್ತಕರು ಕಂಪ್ಯೂಟರಿಗೆ ದರ ತುಂಬುತ್ತಾರೆ, ಒಬ್ಬರ ದರ ಇನ್ನೊಬ್ಬರಿಗೆ ಕಾಣುವುದಿಲ್ಲ, ಹೊತ್ತು ಮುಗಿದ ಮೇಲೆ ಹೆಚ್ಚು ಬರೆದವರ ಹೆಸರು ಹೊರಬೀಳುತ್ತದೆ. ದರ ಒಪ್ಪಿಗೆಯಾಗದಿದ್ದರೆ ರೈತ ಮಾಲು ಕೊಡುವುದಿಲ್ಲ ಎನ್ನಬಹುದು. ಇಷ್ಟೆಲ್ಲ ಆನ್‌ಲೈನ್ ಆದರೂ ವರ್ತಕ ಮಾತ್ರ ಬೆಳಗ್ಗೆ ಬಂದು ಚೀಲಕ್ಕೆ ಕೈ ಹಾಕಿ, ನಾಲ್ಕು ಕಾಯಿ ಒಡೆದು, ಎರಡು ಬೀಜ ಬಾಯಿಗೆ ಹಾಕಿ, ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಹೋಗುತ್ತಾನೆ. ದರ ತುಂಬುವುದು ಆಮೇಲೆ. ಮೊದಲು ಹಲ್ಲು, ಆಮೇಲೆ ಬೆರಳು.

ಈ ಕೂಗಾಟದ ಹರಾಜುಗಳಲ್ಲಿ ಇನ್ನೊಂದು ಸೌಕರ್ಯವಿತ್ತು. ಕೂಗುವವನ ಹಿಂದೆ ಅಂಗಿ ಎಳೆಯುವವನೊಬ್ಬ ಇರುತ್ತಿದ್ದ. ದನದ ಸಂತೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ದರ ಆಡುವಾಗಲೂ ಅಷ್ಟೆ, ದರ ಗುಟ್ಟು, ಮುಖ ಬಯಲು. ಮುಖ ಕೆಂಪೇರಿತೋ, ಹಿಂದಿನಿಂದ ಮಾವನೋ ಚಿಕ್ಕಪ್ಪನೋ ಅಂಗಿಯ ಚುಂಗು ಹಿಡಿದು, "ಸಾಕು ಬಾರಪ್ಪ, ಇನ್ನೊಂದು ಜೊತೆ ನೋಡೋಣ" ಎಂದು ಎಳೆದೊಯ್ಯುತ್ತಿದ್ದರು. ಇಂಥವರಿಂದ ಉಳಿದ ದುಡ್ಡನ್ನು ಯಾರೂ ಲೆಕ್ಕ ಹಾಕಿಲ್ಲ. ಮೊಬೈಲಿನಲ್ಲಿ ಹರಾಜು ಕೂಗುವವನ ಹಿಂದೆ ಇರುವುದು ಗೋಡೆ. ಗೋಡೆಗೆ ಕೈಯಿಲ್ಲ.

ನಮ್ಮ ಭಾವ ಹೀಗೆ ಗೋಡೆಗೆ ಒರಗಿ ಕೂತು ಒಂದು ಮೊಳಕಾಲ್ಮೂರು ಸೀರೆಯನ್ನು ಹರಾಜಿನಲ್ಲಿ ಗೆದ್ದರು. ಮೊಳಕಾಲ್ಮೂರು ನಮಗೆ ನೆರೆಯ ತಾಲ್ಲೂಕು. ಬೆಳಗ್ಗೆ ಬಸ್ಸು ಹತ್ತಿದರೆ ಮಗ್ಗದವರ ಮನೆಯಲ್ಲೇ ಕೂತು, ಲಾಳಿ ಓಡುವುದನ್ನು ನೋಡಿ, ಸೀರೆ ಕೊಂಡು, ಮಧ್ಯಾಹ್ನದ ಮುದ್ದೆ ಆರುವುದರೊಳಗೆ ಮನೆ ಸೇರಬಹುದು. ಭಾವ ಮಾತ್ರ ಯಾವುದೋ ರಾಜ್ಯದಲ್ಲಿ ಕೂತಿರುವ, ಮೊಳಕಾಲ್ಮೂರನ್ನು ನಕ್ಷೆಯಲ್ಲೂ ನೋಡಿರದ ಮಾರಾಟಗಾರನ ಹತ್ತಿರ ಅದನ್ನು ಕೂಗಿದರು. "ಮದುವೆ ವಾರ್ಷಿಕೋತ್ಸವ, ಸರ್‌ಪ್ರೈಸ್ ಕಣಯ್ಯಾ" ಎಂದರು ನನ್ನ ಹತ್ತಿರ. ಸರ್‌ಪ್ರೈಸ್ ಆದದ್ದೇನೋ ನಿಜ.

ಇಂಥ ಹರಾಜಿಗೆ ಮೂಲಪುರುಷ ಪಿಯರ್ ಒಮಿಡ್ಯಾರ್ ಎಂಬ ಅಮೆರಿಕದವನು. 1995ರಲ್ಲಿ, ಮುಂದೆ ಇಬೇ ಎಂದು ಹೆಸರಾದ ಅವನ ತಾಣದಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್, 14.83 ಡಾಲರಿಗೆ. ಕೆಟ್ಟಿದೆ ಅಂತ ಗೊತ್ತು ತಾನೇ ಎಂದು ಕೇಳಿದರೆ, ಕೆಟ್ಟ ಪಾಯಿಂಟರುಗಳನ್ನು ಕೂಡಿಡುವುದೇ ತನ್ನ ಹವ್ಯಾಸ ಎಂದನಂತೆ ಕೊಂಡವನು. ಆ ಪುಣ್ಯಾತ್ಮನಿಗೆ ತಕರಾರೇ ಇರಲಿಲ್ಲ, ಕೆಟ್ಟದ್ದು ಬೇಕಿತ್ತು, ಕೆಟ್ಟದ್ದೇ ಸಿಕ್ಕಿತು. ಭಾರತಕ್ಕೆ ಇಂಥ ಹರಾಜು 2000ದಲ್ಲಿ ಬಾಜಿ ಡಾಟ್ ಕಾಮ್ ಹೆಸರಲ್ಲಿ ಬಂತು, 2004ರಲ್ಲಿ ಇಬೇ ಅದನ್ನು ಕೊಂಡಿತು, 2018ರಲ್ಲಿ ಇಬೇ ಇಂಡಿಯಾ ಅಂಗಡಿ ಮುಚ್ಚಿತು. ಆದರೆ ಹರಾಜಿನ ಚಪಲ ಮುಚ್ಚಲಿಲ್ಲ. ಹಳೇ ನಾಣ್ಯಕ್ಕೊಂದು, ಹಳೇ ಕಾರಿಗೊಂದು, ಸೀರೆಗೊಂದು ಎಂದು ಆಪ್‌ಗಳು ಹುಟ್ಟುತ್ತಲೇ ಇವೆ. ಅಂಥದ್ದೊಂದು ಭಾವನ ಮೊಬೈಲಿಗೂ ಬಂದು ಕೂತಿತ್ತು.

ಆ ರಾತ್ರಿ ನಾನೂ ಅಲ್ಲೇ ಇದ್ದೆ. ಸವಾಲು 499ರಿಂದ ಶುರುವಾಯಿತು. ಭಾವ 600 ಎಂದರೆ ಎದುರಾಳಿ 650 ಎನ್ನುತ್ತಿದ್ದ. ಎದುರಾಳಿಯ ಹೆಸರು ಪೂರ್ತಿ ಕಾಣದು. ಮೊದಲಿಗೆ ಕೆ, ಕೊನೆಗೆ ಏಳು, ನಡುವೆ ಮೂರು ನಕ್ಷತ್ರ. ಭಾವನಿಗೆ ಸೀರೆ ಮರೆತೇ ಹೋಯಿತು, ನಕ್ಷತ್ರದವನ ಮೇಲೆ ಹಗೆ ಹುಟ್ಟಿತು. "ಇವನ ಸೊಕ್ಕು ಮುರೀತೀನಿ" ಎಂದು ಲುಂಗಿ ಎತ್ತಿ ಕಟ್ಟಿದರು. ಗಡಿಯಾರ ಕೆಳಗಿಳಿಯುತ್ತಿತ್ತು, ದರ ಮೇಲೇರುತ್ತಿತ್ತು. ಕೊನೆಯ ಕ್ಷಣದಲ್ಲಿ 3,650 ಒತ್ತಿ, ಗೆದ್ದು, ಎದ್ದು ನಿಂತು ಮನೆಯವರನ್ನೆಲ್ಲ ಎಬ್ಬಿಸಿದರು. ಎದ್ದವರಲ್ಲಿ ಅಕ್ಕನೂ ಒಬ್ಬಳು. ಸರ್‌ಪ್ರೈಸ್ ಅಲ್ಲಿಗೆ ಮುಗಿಯಿತು.

ಅಕ್ಕ ಎಪಿಎಂಸಿ ಮಂಡಿಯೊಂದರಲ್ಲಿ ಲೆಕ್ಕ ಬರೆದವಳು, ಹಮಾಲಿ ಕೂಲಿಯಿಂದ ಹಿಡಿದು ತೂಕದ ಚೀಟಿಯವರೆಗೆ ಒಂದು ಕಾಗದವನ್ನೂ ಬಿಸಾಡದವಳು. ಮೊಬೈಲ್ ಇಸಿದುಕೊಂಡು ಮೊದಲು ನೋಡಿದ್ದು ಸೀರೆಯನ್ನಲ್ಲ, ನಕ್ಷತ್ರದವನ ಚರಿತ್ರೆಯನ್ನು. ಅವನು ಅದುವರೆಗೆ ಒಂದು ಕರವಸ್ತ್ರವನ್ನೂ ಕೊಂಡಿರಲಿಲ್ಲ. ಕೂಗಿದ್ದೆಲ್ಲ ಇದೇ ಒಬ್ಬ ಮಾರಾಟಗಾರನ ಸೀರೆಗಳಿಗೆ, ಪ್ರತಿ ಸಲವೂ ಕೊನೆಗೆ ಸೋತು. "ರೀ, ಇವನು ಸೋಲೋದಕ್ಕೇ ಸಂಬಳ ತಗೊಳ್ಳೋನು" ಎಂದಳು. ಸಂತೆಯಲ್ಲೂ ಇಂಥವರು ಇದ್ದೇ ಇದ್ದರು, ದಲ್ಲಾಲಿಯ ಕಡೆಯವರು. ಆದರೆ ಸಂತೆಯಲ್ಲಿ ಅವನು ಟೀ ಕುಡಿಯುವುದು ದಲ್ಲಾಲಿಯ ಲೆಕ್ಕದಲ್ಲಿ ಎಂದು ಟೀ ಅಂಗಡಿಯವನೇ ಹೇಳುತ್ತಿದ್ದ.

ಕಾನೂನು ಇದನ್ನು ಎಂದೋ ಕಂಡಿದೆ. 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಂ ಪೂರ್ತಿ ಹರಾಜಿನದ್ದೇ. ಬೆಲೆ ಏರಿಸಲು ಮಾರುವವನು ಸುಳ್ಳು ಸವಾಲು ಕೂಗಿಸಿದ್ದರೆ ಕೊಂಡವನು ಆ ವ್ಯಾಪಾರವನ್ನೇ ರದ್ದು ಮಾಡಬಹುದು ಎನ್ನುತ್ತದೆ ಅದು. ಸುತ್ತಿಗೆ ಬೀಳುವ ಮುಂಚೆ ಯಾರು ಬೇಕಾದರೂ ತನ್ನ ಸವಾಲನ್ನು ಹಿಂದೆ ತೆಗೆದುಕೊಳ್ಳಬಹುದು ಎಂದೂ ಹೇಳುತ್ತದೆ. ಸೈಬರ್ ವಂಚನೆಯಲ್ಲಿ ದುಡ್ಡು ಹೋದರೆ ಕೂಡಲೇ ಕರೆ ಮಾಡಬೇಕಾದ ನಂಬರೂ 1930. ಕಾಯ್ದೆ ಮಾಡಿದ ಬ್ರಿಟಿಷರಿಗೆ ಇದು ಮೊದಲೇ ಹೊಳೆದಿತ್ತೇ ಎಂದು ಭಾವ ಕೇಳಿದರು. ಅಕ್ಕ ಉತ್ತರ ಕೊಡಲಿಲ್ಲ.

ಮರುದಿನ ಮಾರಾಟಗಾರನ ಮೆಸೇಜು ಬಂತು. ಆಪ್ ಒಳಗೆ ಕಟ್ಟಿದರೆ ಕಮಿಷನ್ ಹೋಗುತ್ತದೆ, ನೇರವಾಗಿ ಯುಪಿಐ ಮಾಡಿ, 300 ರೂಪಾಯಿ ಬಿಡುತ್ತೇನೆ ಎಂದು. ಭಾವನ ಬೆರಳು ಆಗಲೇ ಪಿನ್ನಿನ ಮೊದಲ ಅಂಕಿಯ ಮೇಲಿತ್ತು. ಆಗ ಅಕ್ಕ ನಿಜವಾಗಿಯೂ ಅಂಗಿ ಹಿಡಿದು ಎಳೆದಳು, ಒಂದು ಗುಂಡಿ ಕಿತ್ತು ಬಂತು. ಆಪ್ ಹೊರಗೆ ಕೊಟ್ಟ ದುಡ್ಡಿಗೆ ಆಪ್‌ನವರು ಹೊಣೆಯಲ್ಲ. ಒಳಗೆ ಕಟ್ಟಿದರೆ ಕೊನೇಪಕ್ಷ ಜಗಳಕ್ಕೊಂದು ಜಾಗ ಇರುತ್ತದೆ. ಆ ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆದಿಟ್ಟು, ದುಡ್ಡನ್ನು ಆಪ್ ಒಳಗೇ ಕಟ್ಟಿಸಿದಳು. ಎದುರುಮನೆಯ ಹುಡುಗ ಹಳೇ ಸೋಫಾ ಮಾರಲು ಹೋಗಿ, "ದುಡ್ಡು ಕಳಿಸ್ತಿದೀನಿ, ಪಿನ್ ಹಾಕಿ ತಗೊಳ್ಳಿ" ಎಂದವನ ಮಾತು ನಂಬಿ ಪಿನ್ ಹಾಕಿದ್ದನ್ನೂ ನೆನಪಿಸಿದಳು. ದುಡ್ಡು ಬರಲು ಪಿನ್ ಬೇಡ, ಹೋಗಲು ಮಾತ್ರ ಬೇಕು. ಅವನ ಸೋಫಾ ಇನ್ನೂ ಮನೆಯಲ್ಲೇ ಇದೆ, ಖಾತೆಯ ದುಡ್ಡು ಇಲ್ಲ.

ಪಾರ್ಸೆಲ್ ಬಂದ ದಿನ ಮನೆಯಲ್ಲಿ ಪಂಚನಾಮೆಯ ವಾತಾವರಣ. ನಾನು ವಿಡಿಯೋ ಹಿಡಿದೆ. ಮೊದಲು ವಿಳಾಸದ ಚೀಟಿ, ಆಮೇಲೆ ಅಂಟಿಸಿದ ಟೇಪು, ನಾಲ್ಕು ಮಗ್ಗುಲು, ಕೊನೆಗೆ ಕತ್ತರಿ. ನಡುವೆ ನಿಲ್ಲಿಸುವಂತಿಲ್ಲ ಎಂದು ಅಪ್ಪಣೆಯಾಗಿತ್ತು. ಸೀರೆ ಹೊರಬಂತು, ಮಿಂಚಿತು, ಭಾವನೂ ಮಿಂಚಿದರು. ಅಕ್ಕ ಮಗುಚಿ ನೋಡಿದಳು. ಮೊಳಕಾಲ್ಮೂರಿನ ಕೈಮಗ್ಗದವರು ಮೈಗೂ ಅಂಚಿಗೂ ಬೇರೆ ಬೇರೆ ಲಾಳಿ ಓಡಿಸಿ ಎರಡನ್ನೂ ಕೂಡಿಸಿ ನೇಯುತ್ತಾರೆ, ಆ ಕೂಡಿದ ಗುರುತು ಹಿಂಬದಿಯಲ್ಲಿ ಕಾಣುತ್ತದೆ. ಇದರಲ್ಲಿ ಅದಿರಲಿಲ್ಲ. ಜಿಐ ಮಾನ್ಯತೆ ಪಡೆದ ಸೀರೆ ಎಂದು ಪರದೆಯ ಮೇಲೆ ದೊಡ್ಡದಾಗಿ ಬರೆದಿದ್ದವನು ಸಿಲ್ಕ್ ಮಾರ್ಕಿನ ಚೀಟಿಯನ್ನಾಗಲಿ ಹ್ಯಾಂಡ್‌ಲೂಮ್ ಮಾರ್ಕನ್ನಾಗಲಿ ಲಗತ್ತಿಸಿರಲಿಲ್ಲ. ಸೆರಗಿನ ತುದಿಯಿಂದ ಒಂದೆಳೆ ಕಿತ್ತು ದೀಪಕ್ಕೆ ಹಿಡಿದಳು. ಅಪ್ಪಟ ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾಗಬೇಕು. ಇದು ಕರಗಿ, ಗುಂಡಗೆ ಗಟ್ಟಿಯಾಗಿ, ಪ್ಲಾಸ್ಟಿಕ್ ಕೊಡ ಒಲೆಗೆ ತಾಗಿದಾಗಿನ ವಾಸನೆ ಹೊಡೆಯಿತು.

"ಆ ನಕ್ಷತ್ರದವನಾದರೂ ಉಳಕೊಂಡ" ಎಂದರು ಭಾವ, ಇನ್ನೂ ಅವನನ್ನು ನಂಬುತ್ತಾ.

ಈಗ ಜಗಳದ ವಿಚಾರ. ಭಾವನ ಪದ್ಧತಿಯ ಜಗಳ ಎಂದರೆ ಫೋನು ಹಾಕಿ ಕೂಗುವುದು. ಕನ್ನಡದ ಬೈಗಳನ್ನು ಹಿಂದಿಯಲ್ಲಿ ಬೈಯಲು ಹೋಗಿ ಅವರು ಲಿಂಗ ವಚನದಲ್ಲೇ ಸಿಕ್ಕಿಹಾಕಿಕೊಂಡರು. ಆ ಕಡೆಯವನು "ಜೀ, ಜೀ" ಎನ್ನುತ್ತಲೇ ಇದ್ದ. ಅಕ್ಕನ ಪದ್ಧತಿ ಬೇರೆ. ಆಪ್ ಒಳಗೇ ದೂರು ಬರೆದಳು, ದೂರಿನ ನಂಬರು ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆದಳು. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಇಂಥ ವೇದಿಕೆಗೆ ಒಬ್ಬ ಕುಂದುಕೊರತೆ ಅಧಿಕಾರಿ ಇರಲೇಬೇಕು, ಅವನು 48 ಗಂಟೆಯೊಳಗೆ ದೂರು ಮುಟ್ಟಿತು ಎನ್ನಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಅಟ್ಟದ ಮೇಲಿನ ಹಳೇ ರೇಡಿಯೋವನ್ನು ಎಂದೋ ಒಮ್ಮೆ ಮಾರುವ ಗೃಹಸ್ಥನಿಗೆ ಈ ನಿಯಮ ತಾಗದು, ಅದಕ್ಕೇ ಮಾರುವವನು ಅಂಗಡಿಯವನೋ ಗೃಹಸ್ಥನೋ ಎಂದು ಮೊದಲೇ ನೋಡಿಕೊಳ್ಳಬೇಕು. ನಮ್ಮವನು ದಿನಕ್ಕೆ ಹತ್ತಾರು ಸೀರೆ ಮಾರುವ ಗಿರಾಕಿ, ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ಅವನಿಂದ ರಾಜಿ ಸೂಚನೆ ಬಂತು, ಅರ್ಧ ದುಡ್ಡು ವಾಪಸ್, ಸೀರೆ ನಿಮಗೇ, ಜೊತೆಗೆ ಐದು ಸ್ಟಾರ್ ಕೊಡಿ ಎಂದು. ಭಾವ ಒಪ್ಪಿಯೇಬಿಟ್ಟಿದ್ದರು. "ಅರ್ಧ ಒಪ್ಪಿಕೊಂಡರೆ ಕೇಸು ಪೂರ್ತಿ ಮುಚ್ಚಿಬಿಡ್ತಾರೆ" ಎಂದು ಅಕ್ಕ ತಡೆದು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಕರೆ ಮಾಡಿದಳು. ಅಲ್ಲಿಗೂ ಬಗ್ಗದಿದ್ದರೆ ಚಿತ್ರದುರ್ಗದ ಜಿಲ್ಲಾ ಗ್ರಾಹಕ ಆಯೋಗ ಇದ್ದೇ ಇದೆ. 2019ರ ಕಾಯ್ದೆ ಬಂದಮೇಲೆ ಮಾರಿದವನ ಊರಿಗೆ ಅಲೆಯಬೇಕಿಲ್ಲ, ಕೊಂಡವನು ಇರುವ ಕಡೆಯೇ ದೂರು ಕೊಡಬಹುದು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ, ಎರಡು ವರ್ಷದೊಳಗೆ ಕೊಟ್ಟರೆ ಸಾಕು. "ವಕೀಲರೇ ಬೇಕು ಅಂತಿಲ್ಲ, ನಾನೇ ನಿಂತು ಮಾತಾಡ್ತೀನಿ" ಎಂದು ಅಕ್ಕ ಹೇಳಿದ ಧಾಟಿ ನೋಡಿದರೆ ಮಾರಾಟಗಾರ ದುಡ್ಡು ಕೊಡದೇ ಇದ್ದಿದ್ದರೆ ಅವಳಿಗೇ ಹೆಚ್ಚು ಖುಷಿಯಾಗುತ್ತಿತ್ತೇನೋ. ಅಷ್ಟರಲ್ಲಿ ಆಪ್‌ನವರು ವಿಡಿಯೋ, ಸ್ಕ್ರೀನ್‌ಶಾಟ್ ನೋಡಿ ಪೂರ್ತಿ ದುಡ್ಡು ಹಿಂತಿರುಗಿಸಿದರು. ಸೀರೆ ಒಯ್ಯುವ ಖರ್ಚು ಸೀರೆಗಿಂತ ಜಾಸ್ತಿಯಾಗುತ್ತಿತ್ತೋ ಏನೋ, ನೀವೇ ಇಟ್ಟುಕೊಳ್ಳಿ ಎಂದುಬಿಟ್ಟರು.

ಇದನ್ನೆಲ್ಲ ಕೇಳಿ ಚಿಕ್ಕಪ್ಪ ಧೈರ್ಯ ತಂದುಕೊಂಡು ಬ್ಯಾಂಕಿನ ಇ-ಹರಾಜಿನಲ್ಲಿ ಸೈಟು ಕೂಗಲು ಹೊರಟರು. ಅಕ್ಕ ಅವರ ಅಂಗಿಯನ್ನೂ ಹಿಡಿದಳು. ಸಾಲ ತೀರದ ಆಸ್ತಿಯ ಹರಾಜು ಬೇರೆಯೇ ಲೋಕ. ಮೊದಲೇ ಠೇವಣಿ ಇಡಬೇಕು. ಗೆದ್ದರೆ ಅಂದೇ ಅಥವಾ ಮಾರನೆಯ ಕೆಲಸದ ದಿನದೊಳಗೆ ಶೇ 25 ಕಟ್ಟಬೇಕು, ಉಳಿದದ್ದಕ್ಕೆ ಮಾರಾಟ ಸ್ಥಿರವಾದ ಮೇಲೆ ಸಾಮಾನ್ಯವಾಗಿ 15 ದಿನ. ತಪ್ಪಿದರೆ ಕಟ್ಟಿದ್ದೂ ಹೋಯಿತು. ಎಲ್ಲಕ್ಕಿಂತ ದೊಡ್ಡ ಷರತ್ತು ಪ್ರಕಟಣೆಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ, ಆಸ್ತಿ "ಇದ್ದಲ್ಲಿ ಇದ್ದಂತೆ" ಎಂದು. ಒಳಗೆ ಬಾಡಿಗೆದಾರ ಇದ್ದರೆ ಅವನೂ ಇದ್ದಂತೆಯೇ, ಬಾಕಿ ಕಂದಾಯವೂ ಇದ್ದಂತೆಯೇ. ಚಿಕ್ಕಪ್ಪ ಹೋಗಿ ನೋಡಿ ಬಂದರು. ಸೈಟಿನಲ್ಲಿ ಯಾರದೋ ದನದ ಕೊಟ್ಟಿಗೆ ಇತ್ತಂತೆ, ಮೂರು ಎಮ್ಮೆಗಳು ಇದ್ದಂತೆಯೇ ಇದ್ದುವಂತೆ.

ಮುಂದಿನ ವಾರ ಅಕ್ಕ, ಭಾವ ಇಬ್ಬರೂ ಮೊಳಕಾಲ್ಮೂರಿನ ಬಸ್ಸು ಹತ್ತಿದರು. ನಿಜವಾದ ಸೀರೆ ಬಂತು. ಬೆಲೆ ಕೇಳಿದರೆ ಭಾವ ಸೂರು ನೋಡುತ್ತಾರೆ. ಮತ್ತೊಂದು ಈಗ ಅಂಗಳದಲ್ಲಿ ಅವರ ಬೈಕಿನ ಹೊದಿಕೆ. ಬಣ್ಣ ಹೋಗಿಲ್ಲ, ಹರಿದಿಲ್ಲ, ಚಳ್ಳಕೆರೆಯ ಬಿಸಿಲಿಗೂ ಜಗ್ಗಿಲ್ಲ. ಮೊನ್ನೆ ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ನಿಂತು, ಬೆರಳಲ್ಲಿ ಮುಟ್ಟಿ ನೋಡಿ, "ಚೆನ್ನಾಗೈತಲ್ಲ ಸ್ವಾಮಿ, ಎಷ್ಟಕ್ಕೆ ಕೊಡ್ತೀರಾ?" ಎಂದು ಕೇಳಿದರು. ಭಾವನ ಕಣ್ಣು ಹೊಳೆಯಿತು. "ನೀವೇ ಒಂದು ಸವಾಲು ಹೇಳಿ" ಎಂದರು.

ಅಡಿಗೆಮನೆಯಿಂದ ಅಕ್ಕನ ದನಿ ಬಂತು: "ಇದ್ದಲ್ಲಿ ಇದ್ದಂತೆ ಅಂತ ಮೊದಲೇ ಹೇಳಿಬಿಡ್ರಿ. ಆಮೇಲೆ 1915ಕ್ಕೆ ಫೋನ್ ಮಾಡಿದ್ರೆ ನಾನು ಅವರ ಕಡೆಗೇ ಮಾತಾಡ್ತೀನಿ."