ಶೆಟ್ರ ಭಾನುವಾರ

(ಮಂಗಳೂರಿನ ಕದ್ರಿ ಪಾರ್ಕಿನ ಗೇಟು, ಚರುಮುರಿ ಗಾಡಿ. ಕೆಲಸವಿಲ್ಲದವರೆಲ್ಲ ಬ್ಯುಸಿ ಇರುವ ಹೊತ್ತು.)

ಭಟ್ರು: ಎಂತ ಶೆಟ್ರೆ, ಸಿನಿಮಾ ನೋಡಿ ಬಂದದ್ದಾ?

ಶೆಟ್ರು: ಹೌದು ಮಾರಾಯ್ರೆ. ಎಸಿ ಲಾಯ್ಕುಂಟು.

ಭಟ್ರು: ಸಿನಿಮಾ?

ಶೆಟ್ರು: ಇಂಟರ್‌ವಲ್‌ವರೆಗೆ ಆಫೀಸಿನ ಫೋನು. ಆಮೇಲೆ ಪಾಪ್‌ಕಾರ್ನಿನ ಕ್ಯೂ.

ಭಟ್ರು: ಟಿಕೆಟಿಗೆ 200 ರೂಪಾಯಿ ಮಿತಿ ಅಂತ ಸರಕಾರ 2025ರ ಸೆಪ್ಟೆಂಬರಲ್ಲಿ ಹೇಳಿತ್ತಲ್ಲ?

ಶೆಟ್ರು: ಅದೇ ತಿಂಗಳು ಹೈಕೋರ್ಟು ತಡೆಯಿತು. ಪಾಪ್‌ಕಾರ್ನಿಗೆ ಮಿತಿಯೇ ಹಾಕಲಿಲ್ಲ. ಕೋರ್ಟಿಗೆ ಅಷ್ಟು ಕೆಲಸ ಕಡಿಮೆ.

ಭಟ್ರು: ಜೆ.ಪಿ. ತುಮಿನಾಡರ ‘ಸು ಫ್ರಮ್ ಸೋ’?

ಶೆಟ್ರು: ಬೆಂಗಳೂರಿನವರು ಹೊಗಳಿದ ಮೇಲೆ ನೋಡಿದೆ. ನಾವು ಮಾತಾಡುವುದು ಇಷ್ಟು ತಮಾಷೆ ಅಂತ ನಮಗೆಲ್ಲಿ ಗೊತ್ತು?

ಭಟ್ರು: ‘ಕಾಂತಾರ’ ಬಿಡಲಿಲ್ಲ ಅಲ್ವಾ?

ಶೆಟ್ರು: ಕನ್ನಡದಲ್ಲಿ ನೋಡಿದೆ. 2022ರ ಡಿಸೆಂಬರಲ್ಲಿ ತುಳುವಲ್ಲಿ ಬಂದಾಗ ಮತ್ತೆ ಹೋದೆ. ಅದೇ ದಿನ ಊರಲ್ಲಿ ದೈವದ ನೇಮ.

ಭಟ್ರು: ನೇಮಕ್ಕೆ ಹೋಗಲಿಲ್ವಾ?

ಶೆಟ್ರು: ರಾತ್ರಿಯಿಡೀ ಪ್ಲಾಸ್ಟಿಕ್ ಕುರ್ಚಿ, ಸೊಳ್ಳೆ. ಥಿಯೇಟರಲ್ಲಿ ಸೀಟು ಹಿಂದಕ್ಕೆ ಬಾಗ್ತದೆ. ಕೈಮುಗಿಯಲಿಕ್ಕೂ ಆರಾಮ.

ಭಟ್ರು: ಮನೆಯವರು ಬರುವುದಿಲ್ವಾ?

ಶೆಟ್ರು: ಅವಳದ್ದು ಒಟಿಟಿ. ನಿದ್ದೆ ಬಂದರೆ ನಿಲ್ಲಿಸಬಹುದಂತೆ. ನನಗೆ ನಿಲ್ಲಿಸುವ ರಗಳೆಯೇ ಇಲ್ಲ.

ಭಟ್ರು: ಇವತ್ತಿನ ಸಿನಿಮಾದ ಹೆಸರೆಂತ?

ಶೆಟ್ರು: ತಡೀರಿ, ಟಿಕೆಟ್ ನೋಡಿ ಹೇಳ್ತೇನೆ.