ಮೇಜರ್ ಆದ ಮಾದೇಶ

(ನಂಜನಗೂಡಿನ ಒಂದು ಕಚೇರಿ. ವರ್ಷ 2025.)

"ಸಾರ್, ನೆನ್ನೆ 18 ತುಂಬ್ತು. ಬಾಲಮಂದಿರದಿಂದ ಕಳಿಸ್ಬುಟ್ರು."

"ಭೇಷ್! ಇನ್ನು ವೋಟ್ ಹಾಕ್ಬೋದು."

"ಮಲಗೋದೆಲ್ಲಿ ಸಾರ್?"

"2015ರ ಬಾಲನ್ಯಾಯ ಕಾಯ್ದೆಯಲ್ಲಿ 21ರವರೆಗೂ ಅನುಪಾಲನೆ ಇದೆಯಲ್ಲಯ್ಯ. ಮನೆ ವಿಳಾಸದ ದಾಖಲೆ ತಂದಿದ್ದೀಯಾ?"

"ಮನೆ ಇದ್ದಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ?"

(ಗುಮಾಸ್ತರು ಸೀಲಿಗೆ ಎರಡು ಸಲ ಉಫ್ ಅಂದು, ಒತ್ತದೆ ಕೆಳಗಿಟ್ಟರು. ಅನುಭವಸ್ಥರು!)

"ಊಟಕ್ಕೆ ನಂಜುಂಡಪ್ಪನ ದಾಸೋಹ, ಸ್ನಾನಕ್ಕೆ ಕಪಿಲೆ. ಮಲಗೋಕೆ ತಿ.ನರಸೀಪುರಕ್ಕೆ ಹೋಗು. ಕುಂಭಮೇಳಕ್ಕೆ ಪೆಂಡಾಲ್ ಹಾಕಿರ್ತಾರೆ."

"ಅದು ಫೆಬ್ರವರಿಲೇ ಮುಗೀತು ಸಾರ್. ಮೂರು ವರ್ಷಕ್ಕೊಂದ್ಸಲ ಅಲ್ವಾ, ಇನ್ನು 2028ಕ್ಕೇ."

"ಸರಿಹೋಯ್ತು! ಅಷ್ಟೊತ್ತಿಗೆ ನಿಂಗೂ 21 ಆಗಿರ್ತದೆ. ಫೈಲ್ ತಾನಾಗೇ ಕ್ಲೋಸು."