ಪಿಕಪ್ಪಿನ ಹಲ್ಲಿ

ನಮ್ಮ ಕಡೆಯ ಪಿಕಪ್ಪುಗಳಿಗೆ ಮೌನ ಒಗ್ಗುವುದಿಲ್ಲ. ಹಿಂದಿನ ಬಾಗಿಲಿನ ಸರಪಳಿಯದ್ದೊಂದು ರಾಗ, ಹಗ್ಗ ಬಿಗಿಯುವ ಕೊಕ್ಕೆಗಳದ್ದೊಂದು ತಾಳ. ಡ್ಯಾಶ್‌ಬೋರ್ಡಿನೊಳಗೆ ಎಂದೋ ಬಿದ್ದುಹೋದ ನಾಣ್ಯವೊಂದು ಎಡ ತಿರುವಿನಲ್ಲಿ ಮಾತ್ರ ಎಚ್ಚರವಾಗುತ್ತದೆ. ಮಳೆಗಾಲದಲ್ಲಿ ಇವಕ್ಕೆ ತೋಟದ ಕೊಳೆರೋಗದ ಔಷಧಿಯ ಖಾಲಿ ಡ್ರಮ್ಮು ಜೊತೆಯಾಗುತ್ತದೆ. ಗಾಡಿ ಬರುತ್ತಿರುವ ಸುದ್ದಿ ಮೂರು ತಿರುವು ಮೊದಲೇ ಮನೆಗೆ ತಲುಪಿ ಒಲೆಯ ಮೇಲೆ ಕಾಫಿಗೆ ನೀರು ಏರಿರುತ್ತದೆ. ಇಷ್ಟೆಲ್ಲ ಗದ್ದಲವನ್ನು ವರ್ಷಗಟ್ಟಲೆ ಸಹಿಸಿದ ಮನೆಯವರಿಗೆ, ಆಯಿಲ್ ಬದಲಾಯಿಸಿಕೊಂಡು ಬಂದ ಮರುದಿನ ಬಾನೆಟ್ಟಿನ ಕೆಳಗೆ ಕೇಳಿದ ಒಂದು ಬಡಪಾಯಿ ‘ಟಿಕ್ ಟಿಕ್’ ಯಾಕೆ ಅಷ್ಟು ದೊಡ್ಡ ವಿಷಯವಾಗಬೇಕು?

ದುಡ್ಡು ಕೊಟ್ಟಿದ್ದೆವಲ್ಲ, ಅದಕ್ಕೆ. ಪುಕ್ಕಟೆಯ ಸದ್ದು ಕಿವಿಗೆ ಬೀಳುವುದಿಲ್ಲ. ಬಿಲ್ಲು ಕಿಸೆಯಲ್ಲಿರುವಾಗ ಎಂಜಿನ್ನು ಸುಮ್ಮನೆ ಗಂಟಲು ಸರಿಮಾಡಿಕೊಂಡರೂ ಎದೆ ಧಸಕ್ಕೆನ್ನುತ್ತದೆ.

ಸದ್ದೇನೋ ಥೇಟ್ ಗೋಡೆಯ ಹಲ್ಲಿಯದ್ದು. ಹಲ್ಲಿ ಲೊಚಗುಟ್ಟಿದರೆ ನಮ್ಮಲ್ಲಿ ಬೆರಳಿನಿಂದ ನೆಲ ತಟ್ಟಿ ‘ಕೃಷ್ಣ ಕೃಷ್ಣ’ ಅನ್ನುತ್ತಾರೆ. ಆ ಹೊತ್ತಿಗೆ ಯಾರು ಏನು ಹೇಳುತ್ತಿದ್ದರೋ ಅದು ಸತ್ಯವೆಂದು ರುಜು ಬಿದ್ದಂತೆ. ಮೈಮೇಲೆ ಬಿದ್ದರೆ ತಲೆಗೆ ಏನು ಫಲ, ಭುಜಕ್ಕೆ ಏನು, ಪಾದಕ್ಕೆ ಏನು ಎಂದು ಪಂಚಾಂಗದಲ್ಲಿ ಪಟ್ಟಿಯೇ ಇದೆ. ಎಂಜಿನ್ನಿನೊಳಗಿನ ಹಲ್ಲಿಗೆ ಮಾತ್ರ ಯಾವ ಪಂಚಾಂಗದವರೂ ಫಲ ಬರೆದಿಲ್ಲ. ಆ ಕೊರತೆಯನ್ನು ಊರು ತುಂಬಿಕೊಟ್ಟಿತು.

ಮೊದಲು ಬಂದದ್ದು ಮೂಲೆಮನೆ ಭಾವ. ಗೇಜು ಎಳೆದು, ತುದಿಗಂಟಿದ ಆಯಿಲನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ, ಮೂಸಿ, ನಾಲಿಗೆಗೆ ಮುಟ್ಟಿಸುವುದೊಂದನ್ನು ಬಿಟ್ಟು ಎಲ್ಲ ಪರೀಕ್ಷೆ ಮಾಡಿ, “ಡೂಪ್ಲಿಕೇಟು ಭಾವ. ನಿನ್ನೆ ಹಾಕಿದ್ದು ಇವತ್ತೇ ಮಸಿ ಆಗಿದೆ ನೋಡು” ಅಂದ. ಪೇಟೆಯ ಆ ವರ್ಕ್‌ಶಾಪಿಗೆ ನಾಲ್ಕು ಜನ ಸೇರಿಯೇ ಹೋಗಬೇಕು ಎಂಬುದು ಅವನ ಅಭಿಪ್ರಾಯ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ ಕಪ್ಪಾಗಲು ಒಂದು ದಿನವೂ ಬೇಡ. ಉರಿದ ಡೀಸೆಲ್ಲಿನ ಮಸಿಯನ್ನು ಹಿಡಿದು ತನ್ನಲ್ಲೇ ತೇಲಿಸಿಟ್ಟುಕೊಳ್ಳುವುದೇ ಅದರ ಕೆಲಸ. ಕಪ್ಪಾಗಿದೆ ಅಂದರೆ ದುಡಿಯುತ್ತಿದೆ ಅಂತ ಅರ್ಥ. ಇದನ್ನು ಭಾವನಿಗೆ ಹೇಳಿದರೆ, “ಹಾಗಂತ ಆಯಿಲ್ ಮಾರುವವರು ಹೇಳ್ತಾರೆ” ಅಂದ.

ಬಸ್ ಡಿಪೋದಿಂದ ನಿವೃತ್ತರಾದ ಎದುರುಮನೆಯವರು ಜಗಲಿಯಿಂದ ಏಳದೆಯೇ, “ಟ್ಯಾಪೆಟ್” ಅಂದರು. ಹಾಲಿನ ಗಾಡಿಯ ಡ್ರೈವರು, “ಎಂಜಿನ್ ಇಳಿಸ್ಬೇಕು” ಅಂದ. ಯಾವ ಊರಿಗೆ ಹೋಗಿ, ಎಂಜಿನ್ ಇಳಿಸಬೇಕು ಅನ್ನುವವನು ಒಬ್ಬ ಇದ್ದೇ ಇರುತ್ತಾನೆ. ಸ್ಟಾರ್ಟರ್ ಬಟನ್ ಸಿಕ್ಕಿಕೊಂಡರೂ ಅವನಿಗೆ ಎಂಜಿನ್ ಇಳಿಯಬೇಕು. ನಮ್ಮ ಡ್ರೈವರ್ ಹುಡುಗನದ್ದು ಖರ್ಚು ಕಡಿಮೆಯ ದಾರಿ: “ದೃಷ್ಟಿ ಆಗಿದೆ ಅಣ್ಣ, ನಾಕು ನಿಂಬೆಹಣ್ಣು ಸಾಕು.”

ಇಷ್ಟೂ ಫಲಗಳಲ್ಲಿ ಆಯಿಲಿನ ವಿಚಾರ ಪೂರ್ತಿ ತಳ್ಳಿಹಾಕುವಂಥದ್ದಲ್ಲ. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಗೇಜು ನೋಡಿದರೆ ಮಟ್ಟ ಎರಡು ಗುರುತಿನ ನಡುವೆ ಇರಬೇಕು. ಕಡಿಮೆಯಾದರೆ ಪಂಪು ಗಾಳಿ ಎಳೆಯುತ್ತದೆ, ಮೇಲಿನ ವಾಲ್ವುಗಳು ಒಣಗಿ ಸದ್ದು ಮಾಡುತ್ತವೆ. ಇದು ಎಲ್ಲರಿಗೂ ಗೊತ್ತು. ಹೆಚ್ಚಾದರೂ ಅದೇ ಸದ್ದು ಬರುತ್ತದೆ ಎಂಬುದು ಕೆಲವರಿಗಷ್ಟೇ ಗೊತ್ತು. ‘ಡಬ್ಬದಲ್ಲಿ ಉಳಿದದ್ದು ಯಾಕೆ ವಾಪಸು’ ಎಂದು ಪೂರ್ತಿ ಸುರಿದರೆ, ಗರಗರ ತಿರುಗುವ ಕ್ರ್ಯಾಂಕು ಚೇಂಬರಿನ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ. ನೊರೆಯಲ್ಲಿರುವುದು ಗಾಳಿ, ಗಾಳಿ ಅದುಮಿದರೆ ಅದುಮಿಸಿಕೊಳ್ಳುತ್ತದೆ. ಈಗಿನ ಎಷ್ಟೋ ಎಂಜಿನ್ನುಗಳಲ್ಲಿ ವಾಲ್ವಿನ ಸಂದನ್ನು ತುಂಬುವುದೇ ಆಯಿಲ್. ಬೆರಳ ತುದಿಯಷ್ಟು ಪುಟ್ಟ ಕೊಳವೆ, ಒಳಗೊಂದು ದಟ್ಟೆ, ವಾಪಸು ಹೋಗದಂತೆ ತಡೆಯುವ ಸಣ್ಣ ಗುಂಡು. ಅದರೊಳಗೆ ಆಯಿಲಿನ ಬದಲು ನೊರೆ ಹೊಕ್ಕರೆ ಸಂದು ತುಂಬುವುದಿಲ್ಲ, ಪ್ರತಿ ಸಲ ಲೋಹಕ್ಕೆ ಲೋಹ ಬಡಿಯುತ್ತದೆ. ಹಳೆಯ ನಮೂನೆಯ ಟ್ಯಾಪೆಟ್ಟುಗಳಿಗೆ ಈ ಭಾಗ್ಯವಿಲ್ಲ. ಅವುಗಳ ಸಂದಿಗೆ ಮೇಸ್ತ್ರಿ ಫೀಲರ್ ಗೇಜ್ ತೂರಿಸಿ ನಟ್ಟು ಬಿಗಿಯಬೇಕು. ಕೂದಲೆಳೆಯಲ್ಲಿ ಅಳೆಯುವ ಕೆಲಸ ಅದು.

ನಮ್ಮ ಗೇಜು ಸರಿಯಾಗಿಯೇ ಇತ್ತು. ಡಬ್ಬದ ಮೇಲೆ ಬರೆದದ್ದು 15ಡಬ್ಲ್ಯೂ-40, ಗಾಡಿಯ ಪುಸ್ತಕದಲ್ಲಿದ್ದದ್ದೂ ಅದೇ. ಆ ‘ಡಬ್ಲ್ಯೂ’ ಚಳಿಗಾಲದ್ದು. 15ಡಬ್ಲ್ಯೂ ಅನ್ನಿಸಿಕೊಳ್ಳಬೇಕಾದರೆ ಆಯಿಲು ಸೊನ್ನೆಗಿಂತ 20 ಡಿಗ್ರಿ ಕೆಳಗೂ ಎಂಜಿನ್ನನ್ನು ತಿರುಗಲು ಬಿಡಬೇಕು, 25 ಡಿಗ್ರಿ ಕೆಳಗೂ ಪಂಪಿಗೆ ಹರಿದು ಬರಬೇಕು. ಮಾಘದ ಬೆಳಿಗ್ಗೆ ಹದಿನಾರು ಡಿಗ್ರಿಗೇ ಮಫ್ಲರು ಸುತ್ತಿಕೊಂಡು ‘ಎಂಥಾ ಚಳಿ ಮಾರಾಯ’ ಅನ್ನುವ ನಮ್ಮೂರಿನಲ್ಲಿ ಆ ಪರೀಕ್ಷೆ ಪಾಸಾದ ಆಯಿಲು ಸುಮ್ಮನೆ ಓಡಾಡಿಕೊಂಡಿದೆ. ಇನ್ನು 40 ಅನ್ನುವುದು 100 ಡಿಗ್ರಿ ಬಿಸಿಯಲ್ಲಿ ಅದು ಎಷ್ಟು ಮಂದ ಉಳಿದಿರುತ್ತದೆ ಎಂಬ ಲೆಕ್ಕ. ನಮ್ಮ ಹೊರೆ ಹೊತ್ತ ಏರಿಗೆ ಬೇಕಾದ್ದು ಅದು.

ಫಿಲ್ಟರಿನ ಮೇಲೂ ಗುಮಾನಿ ಬಂದಿತ್ತು. ಒಳ್ಳೆಯ ಫಿಲ್ಟರಿನ ಬಾಯಲ್ಲಿ ರಬ್ಬರಿನದ್ದೊಂದು ಮುಚ್ಚಳವಿದ್ದು, ರಾತ್ರಿಯಿಡೀ ಆಯಿಲು ಕೆಳಗಿಳಿಯದಂತೆ ಹಿಡಿದಿಡುತ್ತದೆ. ಅಡ್ಡಡ್ಡ ಕೂರಿಸಿದ ಫಿಲ್ಟರಿನಲ್ಲಿ ಆ ರಬ್ಬರು ಕಳಪೆಯಾದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ನು ಲಟಲಟ ಅನ್ನುತ್ತದೆ. ಆದರೆ ಅದು ಕೆಲವು ಸೆಕೆಂಡಿನ ಆಟ. ಪ್ರೆಶರ್ ಏರಿದ ತಕ್ಷಣ ಬಾಯಿ ಮುಚ್ಚುತ್ತದೆ. ನಮ್ಮ ಹಲ್ಲಿಯಾದರೋ ಮನೆಯಿಂದ ಹೊರಟು ಶಾಲೆಯ ಏರು ಹತ್ತುವವರೆಗೂ ಶಕುನ ನುಡಿಯುತ್ತಲೇ ಇತ್ತು. ಏರು ಹತ್ತಿ ಇಳಿಯುವಷ್ಟರಲ್ಲಿ ಗಪ್‌ಚುಪ್.

ಕ್ರಾಸಿನ ಮೇಸ್ತ್ರಿಗೆ ಇದನ್ನು ಹೇಳಿದಾಗ ಅವರು ಬಾನೆಟ್ಟು ಎತ್ತಲೇ ಇಲ್ಲ. “ಇಲ್ಲೇ ಬಿಟ್ಟು ಹೋಗಿ ಮಾರಾಯ್ರೆ. ತಣ್ಣಗಾಗ್ಲಿ. ಬೆಳಿಗ್ಗೆ ನಾನೇ ಸ್ಟಾರ್ಟ್ ಮಾಡ್ತೇನೆ, ನೀವು ಮುಟ್ಬೇಡಿ.” ಎಲ್ಲರೂ ಉತ್ತರ ಹೇಳುತ್ತಿದ್ದ ಊರಿನಲ್ಲಿ, ತಣ್ಣಗಿದ್ದಾಗ ಹೆಚ್ಚೋ ಬಿಸಿಯಾದಾಗ ಹೆಚ್ಚೋ ಎಂದು ಪ್ರಶ್ನೆ ಕೇಳಿದವರು ಅವರೊಬ್ಬರೇ.

ಬೆಳಿಗ್ಗೆ ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಎಂಜಿನ್ನಿನ ತಲೆಗೂ ಹಿಡಿಯನ್ನು ಕಿವಿಗೂ ಒತ್ತಿ, ಕಣ್ಣು ಮುಚ್ಚಿಕೊಂಡು ಬಾಗಿ ನಿಂತರು. ಡಾಕ್ಟರರು ಇದನ್ನು ಕಲಿತದ್ದು ಬಹಳ ತಡವಾಗಿ. ಬೆರಳಿನಿಂದ ಎದೆ ತಟ್ಟಿ ಸದ್ದು ಕೇಳಿದರೆ ಒಳಗಿನ ರೋಗ ತಿಳಿಯುತ್ತದೆಂದು 1761ರಲ್ಲಿ ಪುಸ್ತಕ ಬರೆದ ಆಸ್ಟ್ರಿಯಾದ ಔಯೆನ್‌ಬ್ರುಗರ್ ಹೆಂಡದಂಗಡಿಯವನ ಮಗ. ಪೀಪಾಯಿ ತಟ್ಟಿ ಒಳಗೆಷ್ಟಿದೆ ಎಂದು ಹೇಳುವುದು ಅವನಿಗೆ ಮನೆವಿದ್ಯೆ ಅನ್ನುತ್ತಾರೆ. 1816ರಲ್ಲಿ ಪ್ಯಾರಿಸಿನ ಲೆನೆಕ್ ಎಂಬ ಡಾಕ್ಟರು ಹೆಣ್ಣುಮಗಳೊಬ್ಬಳ ಎದೆಗೆ ಕಿವಿಯಿಡಲು ಸಂಕೋಚವಾಗಿ ಕಾಗದದ ಸುರುಳಿ ಮಾಡಿ ಹಿಡಿದರು. ಮರದ ತೊಲೆಯ ಒಂದು ತುದಿಯಲ್ಲಿ ಗುಂಡುಸೂಜಿಯಿಂದ ಕೆರೆದರೆ ಇನ್ನೊಂದು ತುದಿಗೆ ಕಿವಿಯಿಟ್ಟವನಿಗೆ ಕೇಳುತ್ತದಲ್ಲ, ಆಗ ಅದು ಅವರಿಗೆ ನೆನಪಾಯಿತಂತೆ. ಸ್ಟೆತಾಸ್ಕೋಪು ಹುಟ್ಟಿದ್ದು ಹಾಗೆ. ನಮ್ಮ ಮೇಸ್ತ್ರಿಗೆ ಸಂಕೋಚದ ಕಾರಣವಿರಲಿಲ್ಲ, ಫ್ಯಾನಿನ ಭಯವಿತ್ತು. ಅಂಗಿಯ ತೋಳನ್ನು ಮೊಣಕೈ ದಾಟಿಸಿ ಮಡಚಿದ್ದರು.

“ಟ್ಯಾಪೆಟ್ ಅಲ್ಲ” ಅಂದರು. ಇಂಜೆಕ್ಟರುಗಳ ಮೇಲೆ ಒಂದೊಂದಾಗಿ ಮೊನೆ ಊರಿದರು. ಅವೂ ಟಿಕ್ ಅನ್ನುತ್ತವೆ, ಅದು ಅವುಗಳ ಮಾಮೂಲು ಮಾತು. ಎಲ್ಲದರ ದನಿಯೂ ಒಂದೇ ಆಗಿತ್ತು. ಎದುರುಮನೆಯ ಡಿಪೋದವರನ್ನು ದೂರುವ ಹಾಗೂ ಇಲ್ಲ. ಕ್ರ್ಯಾಂಕು ಎರಡು ಸುತ್ತು ಬಂದರೆ ವಾಲ್ವು ತೆರೆಸುವ ಕ್ಯಾಮ್‌ಶಾಫ್ಟು ಒಂದೇ ಸುತ್ತು. ನಿಂತಲ್ಲೇ ಎಂಜಿನ್ನು ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಒಂದು ವಾಲ್ವಿನ ಟಿಕ್ ನಿಮಿಷಕ್ಕೆ 400, ಸೆಕೆಂಡಿಗೆ ಆರೇಳು. ಒಂದು ಸಿಲಿಂಡರು ಹೊಗೆ ಉಗುಳುವುದೂ ಅದೇ ಲೆಕ್ಕದಲ್ಲಿ, ಎರಡು ಸುತ್ತಿಗೆ ಒಂದು ಸಲ. ಹಾಗಾಗಿ ಸೈಲೆನ್ಸರಿಗೆ ಹೋಗಬೇಕಾದ ಹೊಗೆ ನಡುವೆ ಎಲ್ಲಾದರೂ ಸಂದಿಯಲ್ಲಿ ನುಸುಳಿದರೆ ಅದರ ತಾಳವೂ ಟ್ಯಾಪೆಟ್ಟಿನ ತಾಳವೂ ಒಂದೇ. ಇದರಲ್ಲಿ ಮೋಸಹೋಗಿ ಟ್ಯಾಪೆಟ್ ಕವರು ಬಿಚ್ಚಿದವರಿಗೆ ಲೆಕ್ಕವಿಲ್ಲ.

ಮೇಸ್ತ್ರಿ ಸ್ಕ್ರೂಡ್ರೈವರ್ ಕೆಳಗಿಟ್ಟು, ಗೂಡಿನಿಂದ ಒಂದು ಮೊಳ ಉದ್ದದ ರಬ್ಬರ್ ಪೈಪು ತೆಗೆದರು. ಸ್ಪ್ರೇ ಪಂಪಿನ ಹಳೆಯ ಪೈಪು, ಒಂದು ತುದಿ ಸುಣ್ಣ-ಮೈಲುತುತ್ತಿನಲ್ಲಿ ನೀಲಿಗಟ್ಟಿತ್ತು. ಲೋಹದಲ್ಲಿ ಹರಿಯುವ ಸದ್ದಿಗೆ ಸ್ಕ್ರೂಡ್ರೈವರು, ಗಾಳಿಯಲ್ಲಿ ಬರುವ ಸದ್ದಿಗೆ ಪೈಪು. ಒಂದು ತುದಿ ಕಿವಿಯಲ್ಲಿಟ್ಟು ಇನ್ನೊಂದನ್ನು ಹೊಗೆ ಸಾಗಿಸುವ ಮ್ಯಾನಿಫೋಲ್ಡಿನ ಅಂಚಿನುದ್ದಕ್ಕೂ ಸರಿಸುತ್ತಾ ಹೋದವರು ಕೊನೆಯ ಸಿಲಿಂಡರಿನ ಹತ್ತಿರ ತಟ್ಟನೆ ತಲೆ ಹಿಂದಕ್ಕೆಳೆದರು. “ಒದ್ದೆ ಗೋಣಿ ತಗೊಂಡು ಸೈಲೆನ್ಸರ್ ಬಾಯಿಗೆ ಹಿಡಿ” ಎಂದು ಹುಡುಗನಿಗೆ ಕೂಗಿದರು. ಹಿಡಿದದ್ದೇ ತಡ, ಹೊಗೆಗೆ ದಾರಿ ಬಿಗಿಯಾಗಿ ಟಿಕ್ ಎಂಬುದು ಚಟ್ ಆಯಿತು. ಪೈಪಿಗೆ ಕಿವಿಯಿಡದಿದ್ದವರಿಗೂ ಕೇಳಿತು.

ಅಲ್ಲಿ ಕಬ್ಬಿಣದ ಮೇಲೆ ಬೀಸಣಿಗೆಯಾಕಾರದಲ್ಲಿ ಮಸಿ ಹರಡಿತ್ತು. ಮ್ಯಾನಿಫೋಲ್ಡನ್ನು ಬಿಗಿದಿಡುವ ತುದಿಯ ಸ್ಟಡ್ಡು ಮುರಿದು ನಟ್ಟಿನ ಸಮೇತ ಎಲ್ಲೋ ಬಿದ್ದುಹೋಗಿತ್ತು. ಮ್ಯಾನಿಫೋಲ್ಡು ಕಾದಾಗ ಹಿಗ್ಗಿ, ಆರಿದಾಗ ಕುಗ್ಗಿ ಜಗ್ಗಾಡುವಾಗ ಮೊದಲು ಸೋಲುವುದು ಹೆಚ್ಚಾಗಿ ತುದಿಯವೇ. ಬಿಸಿಯಾದ ಮೇಲೆ ಕಬ್ಬಿಣ ಹಿಗ್ಗಿ ಸಂದು ಮುಚ್ಚುತ್ತದೆ, ಸದ್ದು ನಿಲ್ಲುತ್ತದೆ. ಶಾಲೆಯ ಏರಿನ ಪವಾಡ ಇಷ್ಟೇ.

ಮ್ಯಾನಿಫೋಲ್ಡು ಬಿಚ್ಚಿದಾಗ ಅರ್ಧ ಬೆರಳಷ್ಟು ಮೋಟು ಉಳಿದಿತ್ತು. ಮೇಸ್ತ್ರಿ ಅದರ ಮುಖಕ್ಕೆ ಟಾರ್ಚು ಹಿಡಿದರು. “ನೋಡಿ, ಈಗ ಮುರಿದಿದ್ರೆ ಬೆಳ್ಳಗೆ ಹೊಳೀಬೇಕಿತ್ತು. ಇದು ತುಕ್ಕು ಹಿಡಿದು ಕೆಂಪಾಗಿದೆ. ಹೋದ ಮಳೆಗಾಲದ್ದು ಇದು.” ಅಂದರೆ ಹಲ್ಲಿ ಒಂದು ವರ್ಷದಿಂದ ಲೊಚಗುಟ್ಟುತ್ತಲೇ ಇತ್ತು, ಪೇಟೆಯ ವರ್ಕ್‌ಶಾಪಿನವನು ಆ ಕೊಂಬೆಯ ಮೇಲೆ ಕೊನೆಯಲ್ಲಿ ಬಂದು ಕೂತ ಕಾಗೆ ಅಷ್ಟೆ.

ಮೋಟು ತೆಗೆದದ್ದು ನೋಡುವಂತಿತ್ತು. ಪಕ್ಕದ ಗ್ರಿಲ್ ಅಂಗಡಿಯಿಂದ ವೆಲ್ಡಿಂಗ್ ಸೆಟ್ಟು ಬಂತು. ಮೋಟಿನ ಮೇಲೆ ನಟ್ಟೊಂದನ್ನಿಟ್ಟು, ನಟ್ಟಿನ ತೂತಿನೊಳಗೇ ರಾಡು ಇಳಿಸಿ ಎರಡನ್ನೂ ಬೆಸೆದರು. ಕೆಂಪು ಆರಿ ಬೂದುಬಣ್ಣಕ್ಕೆ ತಿರುಗುವವರೆಗೆ ಬೀಡಿ ಸೇದಿದರು. ಆಮೇಲೆ ಸ್ಪ್ಯಾನರಿಟ್ಟು, ಎಡಕ್ಕೆ ಕಾಲು ಸುತ್ತು, ಮತ್ತೆ ಬಲಕ್ಕೆ ಚೂರು, ಮತ್ತೆ ಎಡಕ್ಕೆ ಎಂದು ಪುಸಲಾಯಿಸಿದಾಗ ಕಿರ್ರೆಂದು ಒಂದೆಳೆ ಬಿಟ್ಟಿತು. ಉಳಿದದ್ದು ಬೆರಳಿನಲ್ಲೇ ಬಂತು. ಹೊಸ ಸ್ಟಡ್ಡು, ಹೊಸ ಪ್ಯಾಕಿಂಗು. ಪ್ಯಾಕಿಂಗಿಗೂ ಸ್ಟಡ್ಡಿಗೂ ಬಿಚ್ಚಿ ಕೂರಿಸಿದ್ದಕ್ಕೂ ದುಡ್ಡು ಹೇಳಿದರು, ಕಿವಿಕೊಟ್ಟು ಕೇಳಿದ್ದಕ್ಕೆ ಏನೂ ಹೇಳಲಿಲ್ಲ. ನನ್ನ ಪ್ರಕಾರ ಬಿಲ್ಲಿನಲ್ಲಿ ಬರೆಯಬೇಕಾದದ್ದು ಅದೊಂದನ್ನೇ.

ಸಂಜೆ ಭಾವ ಬಂದು ಮುರಿದ ಮೋಟನ್ನು ಅಂಗೈಯಲ್ಲಿ ಹೊರಳಿಸಿ ನೋಡಿದ. “ಇದು ಸರಿ. ಆದ್ರೆ ಆಯಿಲ್ ಡೂಪ್ಲಿಕೇಟ್ ಹೌದು” ಅಂದ.

“ಇರಲಿ ಬಿಡು ಭಾವ.”

“ಇರಲಿ ಅಂದ್ರೆ ಎಂತ? ಇಳಿಸಿ ಬೇರೆ ಹಾಕಿಸು. ಇಳಿಸುವಾಗ ಮಾತ್ರ ನನಗೊಂದು ಮಾತು ಹೇಳು, ಕ್ಯಾನು ತರ್ತೇನೆ. ಕೊಟ್ಟಿಗೆ ಕಂಬಕ್ಕೆಲ್ಲ ಒರಲೆ ಹಿಡಿದಿದೆ, ಬಳಿಯೋದಕ್ಕೆ ಬೇಕು.”